ಅಕ್ಕನ ಕೂದಲು, ಅಪ್ಪನ ಕೈ

ಅಪ್ಪ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ನಮ್ಮ ಮನೆಯ ಹಾಸಿಗೆ ಬಟ್ಟೆಗೆಲ್ಲ ಒಣಹುಲ್ಲಿನ ವಾಸನೆ. ನಾನು ಮಾತು ಕಲಿಯುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಹಾಗಾಗಿ ಅಕ್ಕನಿಗೂ ನನಗೂ ಜಡೆ ಹೆಣೆಯುವ ಕೆಲಸ ಅಪ್ಪನ ತಲೆಗೇ ಬಿತ್ತು. ಅವನಿಗೆ ಗೊತ್ತಿದ್ದದ್ದು ಕುದುರೆಯ ಬಾಲ ಬಾಚುವುದು. ಅದನ್ನೇ ನಮ್ಮ ಮೇಲೂ ಪ್ರಯೋಗಿಸಿದ. ಬುಡದ ಹತ್ತಿರ ಗಟ್ಟಿಯಾಗಿ ಹಿಡಿದು, ತುದಿಯಿಂದ ಸಿಕ್ಕು ಬಿಡಿಸುತ್ತಾ ಮೇಲೆ ಬರುವುದು. ಒಂಚೂರೂ ನೋವಾಗುತ್ತಿರಲಿಲ್ಲ. ಅಲುಗಾಡಿದರೆ ಮಾತ್ರ, ಒದೀಬೇಡವೇ ತಾಯಿ ಅನ್ನುತ್ತಿದ್ದ.

ಅಕ್ಕನ ಜಡೆ ಮಂಡಿ ಮುಟ್ಟುತ್ತಿತ್ತು. ಶಾಲೆಯಲ್ಲಿ ಎಲ್ಲರಿಗೂ ಅವಳು 'ಕುದುರೆಬಾಲ'. ಆ ಹೆಸರು ಕೇಳಿದರೇ ಅವಳಿಗೆ ಮೈಯೆಲ್ಲ ಉರಿ. ಓದು ಮುಗಿದದ್ದೇ ಬ್ಯೂಟಿ ಪಾರ್ಲರ್ ಸೇರಿ, ಮೊದಲ ವಾರವೇ ಜಡೆ ಕತ್ತರಿಸಿಕೊಂಡು ಬಂದಳು. ಅಪ್ಪ ನೋಡಿದ, ಊಟಕ್ಕೆ ಕೂತ.

ಹೊಸ ಬಣ್ಣ, ಹೊಸ ಕ್ರೀಮು ಏನೇ ಬರಲಿ, ಪಾರ್ಲರಿನ ಯಜಮಾನಿ ಮೊದಲು ಅಕ್ಕನ ತಲೆಗೇ ಹಚ್ಚಿ ಗಿರಾಕಿಗಳಿಗೆ ತೋರಿಸುತ್ತಿದ್ದಳು. ಕಪ್ಪು ಕೆಂಚಾಯಿತು, ಕೆಂಚು ಹೊಂಬಣ್ಣವಾಯಿತು. ಮೇಲಿಂದ ಮೇಲೆ ಬಿಸಿ ಇಸ್ತ್ರಿ ಬೇರೆ. ಅಕ್ಕನಿಗೂ ಖುಷಿಯೇ. ಬರಬರುತ್ತಾ ಕೂದಲು ಹಳೇ ಪೊರಕೆಯ ಹಾಗಾಯಿತು. ಬಾಚಣಿಗೆ ತಾಗಿದರೆ ತುಂಡು ತುಂಡಾಗಿ ಉದುರುತ್ತಿತ್ತು. ಕೊನೆಗೊಂದು ದಿನ ಯಜಮಾನಿ, ನೀನಿನ್ನು ಹಿಂದುಗಡೆ ಟವೆಲ್ ಒಗೆಯೋದು ನೋಡಿಕೋ ಅಂದಳಂತೆ.

ಆ ಸಂಜೆ ಅಕ್ಕ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಬಂದಳು. ಮಂಡಿನೋವಿನಿಂದ ಅಪ್ಪ ಲಾಯ ಬಿಟ್ಟು ಮನೆಯಲ್ಲೇ ಉಳಿದಿದ್ದ ದಿನಗಳವು. ಅವನು ಸ್ಕಾರ್ಫ್ ಬಿಚ್ಚಿಸಿ, ಒಂದೆಳೆಯನ್ನು ಬೆರಳ ನಡುವೆ ಹೊಸೆದು ನೋಡಿದ.

"ಇದು ಸತ್ತಿದೆ ಮಗಳೇ. ಇದನ್ನ ಬದುಕಿಸೋಕೆ ನನ್ನಿಂದಾಗಲ್ಲ. ಹೊಸದಾಗಿ ಬರೋದನ್ನ ಕಾಪಾಡಬಹುದು."

ಬೋಳಿಸಿಬಿಡು ಅಂತ ಅಕ್ಕ ಅತ್ತಳು. ಅವನು ಒಪ್ಪಲಿಲ್ಲ. ಇಸ್ತ್ರಿ, ಬಣ್ಣ ಎರಡೂ ಬಂದ್. ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತುದಿಗೆ ಸವರುತ್ತಿದ್ದ. ತೊಳೆದ ಮೇಲೆ ಉಜ್ಜದೆ, ಹಳೇ ಹತ್ತಿಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಆಗಾಗ ಒಂದು ಬೆರಳಗಲ ಕತ್ತರಿಸುತ್ತಿದ್ದ. ಕೆಲಸದಿಂದ ಬಂದವಳೇ ಅಕ್ಕ ಅವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವುದು ರೂಢಿಯಾಯಿತು.

ಅಪ್ಪ ಮೊದಲ ಸಲ ಅಮ್ಮನ ಸುದ್ದಿ ಎತ್ತಿದ್ದು ಆಗಲೇ. ಲಾಯದ ಕೈ ಅಂತ ಅಮ್ಮ ಅವನನ್ನು ತನ್ನ ಕೂದಲ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ.

"ಹಾಸಿಗೆ ಹಿಡಿದ ಮೇಲೆ ಅವಳೇ ಕೇಳಿದಳು, ಸ್ವಲ್ಪ ಬಾಚ್ತೀರಾ ಅಂತ," ಅಂದ.

ಅಕ್ಕ ತಿರುಗಿ ನೋಡಲಿಲ್ಲ. ಅವನ ಪಾದದ ಮೇಲೆ ಕೈಯಿಟ್ಟಳು.

ಎರಡು ವರ್ಷ ಕಳೆಯುವ ಹೊತ್ತಿಗೆ ಹೊಂಬಣ್ಣವೆಲ್ಲ ಕತ್ತರಿಗೆ ಹೋಗಿ, ಹೆಗಲಿನವರೆಗೆ ಕರ್ರಗಿನ ಕೂದಲು ಬಂತು. ಅದು ಮತ್ತೆಂದೂ ಮಂಡಿಗಿಳಿಯಲಿಲ್ಲ. ಅಷ್ಟು ಸರಿಹೋದ ಮೇಲೂ ಅಕ್ಕ ಸಂಜೆ ಬಂದು ಕೂರುವುದನ್ನು ಬಿಡಲಿಲ್ಲ. ಸಿಕ್ಕೇ ಇಲ್ಲದ ತಲೆಯನ್ನು ಅಪ್ಪ ನಿಧಾನವಾಗಿ ಬಾಚುತ್ತಿದ್ದ. ನಾನು ನನ್ನ ಸರದಿಗೆ ಕಾಯುತ್ತಾ ಪಕ್ಕದಲ್ಲೇ ಕೂತಿರುತ್ತಿದ್ದೆ.