ಹುಣಸೆ ಎಲೆಗಳ ನಡುವೆ ಒಂದು ಬಾಣ

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ಎಲ್ಲರೂ ಹೇಳುವ ಮಾತು ಇದು, ನಾನೂ ಒಪ್ಪುತ್ತೇನೆ. ಆದರೆ ಮಾನಿಟರ್ ಕೊಂಡ ದಿನ ಮಾತ್ರ ನನಗೆ ಸಿಟ್ಟು ಬರಲೇ ಇಲ್ಲ. ಬರಬೇಕಿತ್ತು.

ನಾನು ಸೀರೆಯ ಅಂಚಿಗೆ ಡಿಸೈನ್ ಮಾಡುವವಳು. ಲ್ಯಾಪ್‌ಟಾಪಿನಲ್ಲಿ ಚಿಕ್ಕ ಚಿಕ್ಕ ಚೌಕಗಳಿಗೆ ಬಣ್ಣ ತುಂಬುತ್ತಾ ಹೋಗಬೇಕು. ಪ್ರತಿ ಚೌಕಕ್ಕೂ ಮಗ್ಗದಲ್ಲಿ ಒಂದು ನೂಲು ಎದ್ದು ಇಳಿಯುತ್ತದೆ. ನಾಲ್ಕು ವರ್ಷ ನಲ್ಲಂಪಳ್ಳಿಯಿಂದ ಸೇಲಂಗೆ ಬಸ್ಸಿನಲ್ಲಿ ಹೋಗಿ, ಯಾರದೋ ಆಫೀಸಿನಲ್ಲಿ ಯಾರದೋ ಹೆಸರಿಗೆ ಈ ಕೆಲಸ ಮಾಡಿದೆ. ತೊಪ್ಪೂರು ಘಾಟಿಯಲ್ಲಿ ಲಾರಿ ಅಡ್ಡ ಬಿದ್ದ ದಿನವೆಲ್ಲ ತಡವಾಗಿ ಹೋಗಿ ಬೈಸಿಕೊಂಡೆ. ಕೊನೆಗೆ ಮೇಚೇರಿಯ ಪೆರುಮಾಳ್ ಕರೆದು, ದೀಪಾವಳಿಗೆ ಒಂದು ಅಂಚು ಮಾಡಿಕೊಡು ಅಂದರು. ಅವರದು ಹನ್ನೆರಡು ಮಗ್ಗ. ಷರತ್ತು ಒಂದೇ. ಅವರ ಮಗ್ಗದಿಂದ ಸೀರೆ ಇಳಿಯುವ ತನಕ ಡಿಸೈನ್ ಬೇರೆ ಯಾರ ಕಣ್ಣಿಗೂ ಬೀಳಬಾರದು. ಇದು ಸರಿಹೋದರೆ ಹನ್ನೆರಡು ಮಗ್ಗಕ್ಕೂ ಇನ್ನು ಮೇಲೆ ನಾನೇ, ಮನೆಯಲ್ಲೇ ಕೂತು, ನನ್ನ ಹೆಸರಿನಲ್ಲಿ. ಆ ರಾತ್ರಿ ನಾನು ಖುಷಿಯಲ್ಲಿ ಎರಡು ಸಲ ಊಟ ಮಾಡಿದೆ.

ಲ್ಯಾಪ್‌ಟಾಪಿನ ಪರದೆ ಅಂಗೈಯಗಲ. ಅಂಚಿನ ಒಂದು ತುದಿ ನೋಡಿದರೆ ಇನ್ನೊಂದು ತುದಿ ಕಾಣುವುದಿಲ್ಲ. ಹಾಗಾಗಿ ಬೇರೆ ಮಾನಿಟರ್ ಬೇಕೇ ಬೇಕಾಯಿತು. ಧರ್ಮಪುರಿಯ ಅಂಗಡಿಗೆ ನಾನು ಮಾವನನ್ನು ಕರೆದುಕೊಂಡು ಹೋದೆ. ಮಾವ ಅಂದರೆ ಅವ್ವನ ತಮ್ಮ, ತಿಮ್ಮರಾಯಪ್ಪ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು. ಕಂಪ್ಯೂಟರ್ ಬರುವ ಮುಂಚೆ ಈ ಸೀಮೆಯ ಮಗ್ಗದವರೆಲ್ಲ ಅವನ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಗ್ರಾಫ್ ಹಾಳೆ ಹರಡಿಕೊಂಡು ಪೆನ್ಸಿಲಿನಲ್ಲಿ ಒಂದೊಂದೇ ಚೌಕ ತುಂಬುತ್ತಿದ್ದ. ನಾನು ಕಲಿತದ್ದು ಅವನ ಪಕ್ಕ ಕೂತು.

ನನಗೆ ಇಪ್ಪತ್ನಾಲ್ಕು ಇಂಚಿನದು ಸಾಕಾಗಿತ್ತು. ಬಣ್ಣ ಸರಿಯಾಗಿ ತೋರಿಸಬೇಕು ಅಷ್ಟೇ. ಕುಂಕುಮದ ಕೆಂಪು ಪರದೆಯಲ್ಲಿ ಕಿತ್ತಳೆಯಾದರೆ ನೂಲಿಗೆ ಬಣ್ಣ ಹಾಕುವವನು ನನ್ನನ್ನೇ ಬೈಯುತ್ತಾನೆ. ಮಾವ ಒಪ್ಪಲಿಲ್ಲ.

"ದೊಡ್ಡದು ತಗೋ ಕಣ್ಣು. ಒಂದೊಂದು ಕಟ್ಟನೂ ಬೆರಳಲ್ಲಿ ಎಣಿಸೋ ಅಂಗೆ ಕಾಣ್ಬೇಕು. ನಂಗೆ ಕಣ್ಣು ಮಂಜು ಬಂದೈತೆ," ಅಂದ. ನಮ್ಮವರು ಚೌಕಕ್ಕೆ ಕಟ್ಟ ಎನ್ನುತ್ತಾರೆ, ಮುದ್ದಿನ ಮಕ್ಕಳನ್ನು ಕಣ್ಣು ಎಂದು ಕರೆಯುತ್ತಾರೆ.

ಅಂಗಡಿಯಲ್ಲಿ ಅವನು ಫೋನ್ ತೆಗೆದು ಒಂದೊಂದೇ ಮಾನಿಟರಿನ ಫೋಟೋ ಹಿಡಿದು ನೋಡಿದ. ಒಂದರ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬಂತು. "ಇದು ಬ್ಯಾಡ" ಅಂದ. ಇನ್ನೊಂದರಲ್ಲಿ ಟ್ಯೂಬ್‌ಲೈಟ್ ಹೊಳೆಯಿತು. ಅದೂ ಬೇಡವಾಯಿತು. ಅತ್ತೆಗೆ ತೋರಿಸಲಿಕ್ಕೆ ಇರಬೇಕು ಎಂದುಕೊಂಡು ನಾನು ನಕ್ಕೆ. ಕೊನೆಗೆ ಅವನು ಆರಿಸಿದ ಇಪ್ಪತ್ತೇಳು ಇಂಚಿನದನ್ನೇ ತಂದೆವು. ಅದು ಮೇಜಿನ ಮುಕ್ಕಾಲು ಪಾಲು ನುಂಗಿತು. ಹತ್ತಿರ ಕೂತರೆ ಅಕ್ಷರ ಒಡೆದು ಕಾಣುತ್ತಿತ್ತು. ಅವ್ವ ಅದರ ಚೌಕಟ್ಟಿಗೆ ವಿಭೂತಿ ಬಳಿದು ಕುಂಕುಮವಿಟ್ಟಳು.

ಕೇಬಲ್ ಹಾಕಿದ ಮೇಲೆ ಮೊದಲು ಎರಡರಲ್ಲೂ ಒಂದೇ ಚಿತ್ರ ಬಂತು. ಅದನ್ನು ಬದಲಾಯಿಸಿ, ಸಲಕರಣೆಗಳೆಲ್ಲ ಲ್ಯಾಪ್‌ಟಾಪಿನಲ್ಲಿ, ಅಂಚು ಮಾತ್ರ ದೊಡ್ಡದರಲ್ಲಿ ಬರುವ ಹಾಗೆ ಮಾಡಿಕೊಂಡೆ. ಮೌಸಿನ ಬಾಣ ಎಲ್ಲಿದೆ ಅಂತ ಮಾವನಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನೂ ಅವನಿಗೋಸ್ಕರ ದೊಡ್ಡದು ಮಾಡಿದೆ.

ನಾನು ಮಾಡಿದ್ದು ಹುಣಸೆ ಎಲೆಯ ಬಳ್ಳಿ. ಜೋಡಿ ಜೋಡಿ ಎಲೆ, ನಡುವೆ ಒಂದೊಂದು ಹೂ. ಮೂರು ಹೂವಿನ ಒಂದು ತುಂಡು ಬರೆದರೆ ಸಾಕು, ಅಂಚಿನುದ್ದಕ್ಕೂ ಮಗ್ಗ ಅದನ್ನೇ ಮತ್ತೆ ಮತ್ತೆ ನೇಯುತ್ತದೆ. ಸೇಲಂ ಕೆಲಸದಿಂದ ಬಂದ ಮೇಲೆ ರಾತ್ರಿಯೆಲ್ಲ ಕೂತು ಒಂದು ತಿಂಗಳು ಬೆನ್ನು ಮುರಿಯಿತು. ಮುಗಿದ ದಿನ ಮಾವನನ್ನು ಕರೆಸಿದೆ. ನಮ್ಮಲ್ಲಿ ಹಾಗೇ ರೂಢಿ. ಹೆಣ್ಣುಮಗಳ ಮೊದಲ ಕಿವಿಯೋಲೆಯಿರಲಿ, ಮೊದಲ ಸಂಬಳವಿರಲಿ, ಸೋದರಮಾವನ ಕಣ್ಣು ಬಿದ್ದು ಕೈ ಸೋಕಿದ ಮೇಲೇ ಹೊರಗೆ ಹೋಗಬೇಕು. ಮಾವನದು ಕೈರಾಶಿ, ಅವನು ಮುಟ್ಟಿದ್ದು ಒಳ್ಳೆಯದಾಗುತ್ತದೆ ಅನ್ನುತ್ತಾಳೆ ಅವ್ವ. ಯಾರ ಕಣ್ಣಿಗೂ ಬೀಳಬಾರದು ಅಂತ ಪೆರುಮಾಳ್ ಹೇಳಿದ್ದರು, ನಿಜ. ಆದರೆ ಮಾವನನ್ನು 'ಯಾರೋ' ಅಂತ ಎಣಿಸುವುದು ನನಗೆ ಹೊಳೆಯಲೇ ಇಲ್ಲ. ಅವನು ಪರದೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ನಾನು ಕಾಫಿ ತರಲು ಒಳಗೆ ಹೋದೆ. ಅವ್ವ ಅಲ್ಲೇ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

ಮರುದಿನ ಫೈಲನ್ನು ಪೆರುಮಾಳ್‌ಗೆ ಕಳಿಸಿದೆ. ಮೂರು ವಾರಕ್ಕೆ ಅವರು ಬೈಕಿನಲ್ಲಿ ಬಂದರು. ಅವರು ಸುಮ್ಮನೆ ಮನೆತನಕ ಬರುವವರಲ್ಲ. ಆ ಹೊತ್ತಿಗೆ ಮಾವನೂ ಇದ್ದ, ಜಗಲಿಯ ಮೇಲೆ ಕೂತು ಅಡಿಕೆ ಅಗಿಯುತ್ತಿದ್ದ. ಪೆರುಮಾಳ್ ಚೀಲದಿಂದ ಒಂದು ಸೀರೆ ತೆಗೆದು ನನ್ನ ಮೇಜಿನ ಮೇಲೆ ಹಾಕಿದರು. ಹಗುರ ನೂಲಿನ ಅಗ್ಗದ ಸೀರೆ. ಅಂಚಿನಲ್ಲಿ ನನ್ನ ಹುಣಸೆ ಬಳ್ಳಿ.

"ಮೇಚೇರಿ ಸಂತೇಲಿ ಕೂಗಿ ಕೂಗಿ ಮಾರ್ತಾವ್ರೆ. ನನ್ನ ಮಗ್ಗದಾಗೆ ಇನ್ನೂ ಮೊದಲ್ನೇ ಸೀರೆ ಇಳಿದಿಲ್ಲಮ್ಮ," ಅಂದರು. "ಯಾರಿಗೆ ಕೊಟ್ಟೆ?"

ಕೊಟ್ಟಿಲ್ಲ, ದೇವರಾಣೆ ಕೊಟ್ಟಿಲ್ಲ ಅಂದೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಎಳೆದು ಎಲೆ ಎಲೆ ನೋಡಿದೆ. ಎಲ್ಲ ನನ್ನವೇ. ಒಂದನ್ನು ಬಿಟ್ಟು. ಪ್ರತಿ ಮೂರನೇ ಹೂವಿನ ಪಕ್ಕ ಎಲೆಯೂ ಅಲ್ಲದ, ಮೊಗ್ಗೂ ಅಲ್ಲದ, ಓರೆಯಾಗಿ ಮೇಲೆ ಮುಖ ಮಾಡಿದ ಒಂದು ಚೂಪು ಆಕಾರ ಇತ್ತು. ಕೆಳಗೆ ಒಂದು ಪುಟ್ಟ ಬಾಲ. ಅಂಚಿನುದ್ದಕ್ಕೂ ಅದೇ.

ಅದು ನನ್ನ ಮೌಸಿನ ಬಾಣ.

"ನೋಡಿ ಸಾರ್," ಅಂತ ನಾನು ಮಾನಿಟರ್ ಹಾಕಿ ತೋರಿಸಿದೆ. ಕಳ್ಳನನ್ನು ಹಿಡಿದ ಉತ್ಸಾಹ ನನಗೆ. "ನನ್ನ ಫೈಲ್ ತಗೊಂಡಿದ್ರೆ ಈ ಬಾಣ ಬರಲ್ಲ. ಪರದೆ ಫೋಟೋ ಹಿಡಿದು, ಅದನ್ನ ನೋಡ್ಕೊಂಡು ಯಾರೋ ಕೈಯಲ್ಲಿ ಗ್ರಾಫ್ ಬರ್ದವ್ರೆ. ಬಾಣನೂ ಡಿಸೈನ್ ಅಂತ ತಿಳ್ಕೊಂಡು ಒಂದು ಕಟ್ಟನೂ ಬಿಡ್ದಂಗೆ..."

ಕೈಯಲ್ಲಿ ಗ್ರಾಫ್ ಬರೆಯುವವರು ಈ ಸೀಮೆಯಲ್ಲಿ ಈಗ ಎಷ್ಟು ಜನ ಇದ್ದಾರೆ?

ಪೆರುಮಾಳ್ ಮಾನಿಟರ್ ನೋಡಿದರು, ಕೋಣೆ ನೋಡಿದರು. "ಸರಿ, ಅಂಗಾದ್ರೆ ಈ ರೂಮಿಂದಾನೇ ಓಗೈತೆ," ಅಂದರು. "ಇಲ್ಲಿಗೆ ಯಾರು ಬಂದಿದ್ರು?"

ನಾನು ಜಗಲಿಯ ಕಡೆ ತಿರುಗಿದೆ. ಮಾವ ಎದ್ದು ಒಳಗೆ ಬಂದ. ಸೀರೆಯ ಅಂಚನ್ನು ಕೈಗೆ ತೆಗೆದುಕೊಂಡು ಬಾಣದ ಮೇಲೆ ಹೆಬ್ಬೆರಳಾಡಿಸಿದ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಕೆಲಸ ತಪ್ಪಿತಲ್ಲ ಅನ್ನುವ ಬೇಸರ ಮಾತ್ರ ಇತ್ತು.

"ಇದು ಎಲೆ ಅಂದ್ಕಂಡೆ," ಅಂದ ಮೆಲ್ಲಗೆ. ಆಮೇಲೆ ಪೆರುಮಾಳ್ ಕಡೆ ತಿರುಗಿ ಗಟ್ಟಿಯಾಗಿ, "ನಾನೇ ಬರ್ದಿದ್ದು ಸಾಮಿ. ಹುಡುಗಿನೇ ಕೊಟ್ಲು. 'ನಂಗೆ ಪೆರುಮಾಳ್ ಅವ್ರು ಅವ್ರೆ, ಇದನ್ನ ನೀನು ಬೇರೆ ಕಡೆ ಕೊಟ್ಕೋ ಮಾವ' ಅಂದ್ಲು. ನಾನ್ಯಾಕೆ ಕೇಳ್ದೆ ತಗೊಳ್ಳಿ?"

ನನ್ನ ಡಿಸೈನ್ ಕದ್ದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಕೇಳಿದ್ದರೆ ಕೊಡುತ್ತಿದ್ದೆ; ಇದನ್ನಲ್ಲ, ಅವನಿಗೆ ಅಂತಲೇ ಹತ್ತು ಬೇರೆ ಬರೆದುಕೊಡುತ್ತಿದ್ದೆ. ಪಕ್ಕದಲ್ಲಿ ಕೂರಿಸಿಕೊಂಡು ಪೆನ್ಸಿಲ್ ಹಿಡಿಯುವುದು ಕಲಿಸಿದ ಬಾಯಿಯಿಂದಲೇ ಆ ಸುಳ್ಳು ಬಂತು. ಸುಳ್ಳು ಹೇಳಬೇಡ ಮಾವ ಅಂತ ಕೂಗಿದೆ. ಅವನು ನೆಲ ನೋಡಿದ.

ಪೆರುಮಾಳ್ ನ್ಯಾಯವಾಗಿಯೇ ನಡೆದುಕೊಂಡರು. ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ಕೇಳಿದರು. "ಅಮ್ಮಾ, ನೀವು ಮನೇಲೇ ಇದ್ರಲ್ಲ. ಇವ್ಳು ಕೊಟ್ಲಾ, ಇವ್ರೇ ಫೋಟೋ ಹಿಡಿದ್ರಾ? ನೀವೊಂದು ಮಾತು ಅಂದ್ರೆ ಸಾಕು, ಮಗ್ಗ ಎಲ್ಲಾ ಇವ್ಳಿಗೇ."

ನನಗೆ ಉಸಿರು ಬಂತು. ಆವತ್ತು ಅವ್ವ ಸೊಪ್ಪು ಬಿಡಿಸುತ್ತಿದ್ದದ್ದು ಮಾವನ ಎದುರಿಗೇ. ಅವನು ಫೋನ್ ಎತ್ತಿ ಹಿಡಿದದ್ದನ್ನು ಅವಳು ನೋಡದೇ ಇರಲು ಸಾಧ್ಯವಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ.

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ತಮ್ಮನನ್ನು ನೋಡಿದಳು. "ನಂಗೆ ಈ ಕಂಪ್ಯೂಟರ್ ಇಸ್ಯ ಎಲ್ಲಾ ಏನು ಗೊತ್ತಪ್ಪಾ," ಅಂದಳು.

ಪೆರುಮಾಳ್ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ಬೈಕಿನ ಸದ್ದು ರಸ್ತೆ ಸೇರಿತು.

"ನೀನು ನೋಡಿದ್ದೆ ಅವ್ವ," ಅಂದೆ.

"ನೋಡ್ದೆ," ಅಂದಳು. "ಈ ವಯಸ್ಸಲ್ಲಿ ನನ್ ತಮ್ಮಂಗೆ ಕಳ್ಳ ಅಂತ ಎಸ್ರು ಬಂದ್ರೆ ಊರಲ್ಲಿ ತಲೆ ಎತ್ತಾನಾ? ನೀನು ಚಿಕ್ಕೋಳು. ನಿಂಗೆ ಸೇಲಂ ಕೆಲ್ಸ ಐತಲ್ಲ."

"ಈಗ ಕಳ್ಳಿ ಅಂತ ಹೆಸರು ಬಂದದ್ದು ಯಾರಿಗೆ?"

ಅವಳು ಅಡುಗೆಮನೆಗೆ ಹೋಗಿ ಮಾವನಿಗೂ ನನಗೂ ಎರಡು ತಟ್ಟೆ ಇಟ್ಟಳು. ಮೊದಲ ಮುದ್ದೆಯನ್ನು ಮಾವನ ತಟ್ಟೆಗೆ ಬಡಿಸಿದಳು.