ಹೂವಿನ ಜೊತೆ ಹೋದ ಚೀಟಿ

ಹೋಟೆಲಿನ ಕಾನ್ಸಿಯರ್ಜ್‌ಗೆ ಜೊತೆಯವರು ಇಟ್ಟ ಹೆಸರು ಆಯ್ತಪ್ಪ. ಇಪ್ಪತ್ತೆರಡು ವರ್ಷದಿಂದ ಲಾಬಿಯ ಮೂಲೆಮೇಜಿನ ಹಿಂದೆ ನಿಂತು, ಅತಿಥಿಗಳು ಏನು ಕೇಳಿದರೂ ‘ಆಯ್ತು’ ಎನ್ನುತ್ತ ಬಂದವನು. ಭರ್ತಿಯಾದ ನಾಟಕಕ್ಕೆ ಟಿಕೆಟ್ಟಾಗಲಿ, ರಜೆಯ ದಿನ ಹಲ್ಲಿನ ಡಾಕ್ಟರಾಗಲಿ, ಅವನ ಬಳಿ ಯಾರದ್ದಾದರೂ ನಂಬರು ಇದ್ದೇ ಇರುತ್ತಿತ್ತು.

ಮೂರನೇ ಮಹಡಿಯ ಹೆಂಗಸಿಗೆ ಇದು ಬಂದ ದಿನವೇ ಗೊತ್ತಾಯಿತು. ಚರ್ಮದ ಬ್ಯಾಗುಗಳ ವ್ಯಾಪಾರಕ್ಕೆಂದು ಬಂದಿದ್ದಳು. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಇಳಿದುಕೊಂಡದ್ದು ಹೋಟೆಲಿನಲ್ಲಿ.

“ನನ್ನ ತಂಗಿ ಬರ್ತಾಳೆ. ಮೀಟಿಂಗಲ್ಲಿದಾರೆ ಅನ್ನಿ. ಕಾಫಿ ಕೊಟ್ಟು ಕೂರಿಸಿ. ಅವಳಾಗೇ ಎದ್ದು ಹೋಗ್ಬೇಕು.”

“ಆಯ್ತು ಮೇಡಂ.”

ಮರುದಿನ ಹತ್ತು ಗಂಟೆಗೆ ತಂಗಿ ಬಂದಳು. ಕಾಲು ಊದಿತ್ತು, ಆಸ್ಪತ್ರೆಯ ಪಾಸು ಇನ್ನೂ ಕೊರಳಲ್ಲಿತ್ತು. ಅವಳು ಮೂರನೇ ಕಾಫಿ ಮುಗಿಸುವಷ್ಟರಲ್ಲಿ ಆಯ್ತಪ್ಪ ಹಿಂದಿನ ಬಾಗಿಲಿಗೆ ಕಾರು ತರಿಸಿ ಅಕ್ಕನನ್ನು ಊಟಕ್ಕೆ ಕಳಿಸಿ, ಅದೇ ಬಾಗಿಲಿನಿಂದ ಒಳಗೂ ಕರೆದುಕೊಂಡಿದ್ದ. ನಾಲ್ಕಕ್ಕೆ ತಂಗಿ ಎದ್ದು ಮೇಜಿನ ಹತ್ತಿರ ಬಂದಳು.

“ಅಮ್ಮನಿಗೆ ಇನ್ನೊಂದೆರಡು ದಿನ ಅಷ್ಟೆ ಅಂದಿದಾರೆ. ನಾಲ್ಕು ವರ್ಷದಿಂದ ಎತ್ತಿ ಕೂರಿಸ್ತಿರೋಳು ನಾನು. ಬಾಯಲ್ಲಿ ಬರೋದು ಮಾತ್ರ ಅಕ್ಕನ ಹೆಸರು.”

ಅವನು ಮೇಲೆ ಹೋಗಿ ಹೇಳಿದ. ಅಕ್ಕ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

“ಒಳ್ಳೆ ಹೂವು ಕಳಿಸಿ. ಜೊತೆಗೆ ನಾಲ್ಕು ಸಾಲು ನೀವೇ ಬರೆದ್ಬಿಡಿ. ನಿಮಗೆ ಅದೆಲ್ಲ ಬರತ್ತಲ್ಲ.”

ಬರುತ್ತಿತ್ತು. ‘ಅಮ್ಮಾ, ಎಷ್ಟು ದೂರ ಹೋದರೂ ನಿದ್ದೆ ಹತ್ತುವುದು ನಿನ್ನ ಮಡಿಲು ನೆನೆದಾಗಲೇ’ ಎಂದು ಶುರುವಾದ ಚೀಟಿಯನ್ನು ಹೂವಿನ ಜೊತೆ ಕೈಗೆ ಕೊಟ್ಟಾಗ, ತಂಗಿ ಓದಿ ಅಲ್ಲೇ ಕಣ್ಣೊರೆಸಿಕೊಂಡಳು. “ನೋಡಿ, ಅಕ್ಕನ ಮನಸ್ಸು ಕೆಟ್ಟದ್ದಲ್ಲ,” ಅಂದಳು. ಆಯ್ತಪ್ಪನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಎರಡು ದಿನ ಬಿಟ್ಟು ಆಸ್ಪತ್ರೆಯಿಂದ ಸಾವಿನ ಸುದ್ದಿ ಬಂತು. ಅಕ್ಕ ಕೇಳಿಸಿಕೊಂಡು, “ಹಾಗಾದ್ರೆ ನನ್ನ ಟಿಕೆಟ್ ನಾಳೆಗೇ ಮಾಡಿಸಿ,” ಅಂದಳು. ಅದನ್ನೂ ಮಾಡಿಸಿದ.

ಮರುದಿನ ಮಧ್ಯಾಹ್ನ ತಂಗಿ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟಳು.

“ಇದನ್ನ ಓದಿ ಹೇಳ್ದೆ. ಅಮ್ಮ ನಕ್ಕುಬಿಟ್ಲು. ‘ದೊಡ್ಡವಳು ಜನ್ಮದಲ್ಲಿ ಹೀಗೆ ಮಾತಾಡಿದೋಳಲ್ಲ. ನೀನೇ ಬರ್ಕೊಂಡು ಬಂದಿದೀಯ. ಅವಳು ಬಂದ್ರೆ ಬಾಗಿಲಲ್ಲೇ ತಡೆದು ಕಳಿಸಿದೀಯ’ ಅಂದ್ಲು. ಆಮೇಲೆ ನನ್ನ ಕೈಯಿಂದ ನೀರೂ ಕುಡೀಲಿಲ್ಲ. ಅಕ್ಕನ ಅಕ್ಷರ ನೋಡಿ ಇಪ್ಪತ್ತು ವರ್ಷ ಆಗಿದೆ, ನನಗೆ ಗುರುತಿಲ್ಲ. ಇದು ಯಾರು ಬರೆದಿದ್ದು? ಅಷ್ಟು ಹೇಳಿ ಸಾಕು.”

ಹಿಂದಿನ ಬಾಗಿಲಲ್ಲಿ ಅಕ್ಕ ಆಗಷ್ಟೇ ಕಾರು ಹತ್ತುತ್ತಿದ್ದಳು. ಆಯ್ತಪ್ಪನ ಮುಂದೆ ತೆರೆದಿದ್ದ ರಿಜಿಸ್ಟರಿನ ತುಂಬ ಚೀಟಿಯಲ್ಲಿದ್ದ ಅದೇ ದುಂಡು ಅಕ್ಷರ. ಅವನು ಮೆಲ್ಲಗೆ ಅದರ ಮೇಲೆ ಮೊಣಕೈ ಊರಿದ.

“ನಿಮ್ಮ ಅಕ್ಕನವರದೇ, ಮೇಡಂ.”

ಅವಳು ರಿಜಿಸ್ಟರನ್ನು ಆಗಲೇ ನೋಡಿಯಾಗಿತ್ತು. ಕೊರಳಿನ ಪಾಸು ಬಿಚ್ಚಿ ಚೀಟಿಯ ಪಕ್ಕದಲ್ಲಿಟ್ಟು, ಊದಿದ ಕಾಲೆಳೆದುಕೊಂಡು ಹೊರಟುಹೋದಳು.

ವಾರದ ಮೇಲೆ ಅಕ್ಕನಿಂದ ಮ್ಯಾನೇಜರಿಗೆ ಪತ್ರ ಬಂತು. ಇಂಥ ಕೆಲಸಗಾರ ಸಿಗುವುದು ಅಪರೂಪ ಎಂದಿತ್ತು. ಆಯ್ತಪ್ಪ ಅದನ್ನು ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿದ. ನಡುವೆ ಒಮ್ಮೆ ನಿಲ್ಲಿಸಿ ಪತ್ರದ ಅಕ್ಷರ ನೋಡಿದ. ಆಮೇಲೆ ಪೂರ್ತಿ ಓದಿದ.