ಡೊಳ್ಳು ನಿಂತ ವಿಜಯಸಭೆ

ಗಡಿಯ ಕಾಳಗ ಗೆದ್ದದ್ದಕ್ಕೆ ತುಕ್ಕಾನಟ್ಟಿಯಲ್ಲಿ ನಡೆದ ವಿಜಯಸಭೆಯಲ್ಲಿ ನನ್ನ ಡೊಳ್ಳಿನ ಅಬ್ಬರಕ್ಕೆ ಹಾದಿಯ ಬಸ್ಸೇ ನಿಂತಿತ್ತು. ಸುಳ್ಳೇಕೆ ಹೇಳಲಿ, ನನಗೂ ಮೈಮೇಲೆ ಬಂದಂತಾಗಿತ್ತು. ಗೋಕಾಕದಿಂದ ಬಂದ ಮುಖಂಡರ ಮಾತೇ ಹಾಗಿತ್ತು.

“ಇದು ಯುದ್ಧ ಅಲ್ರಿ, ಶಸ್ತ್ರಕ್ರಿಯಾ! ಕೆಟ್ಟದ್ದನ್ನ ಕೊಯ್ದ ಒಗದೇವಿ. ನಮ್ಮ ಕಡಿ ಹಾನಿ ನಗಣ್ಯ!”

ಜನ ಶಿಳ್ಳೆ ಹೊಡೆದರು. ನಾನೂ ಹೊಡೆದೆ. ಹಾಡಲು ನಿಂತಿದ್ದ ನನ್ನಕ್ಕ ಕೆಂಪವ್ವ ಮಾತ್ರ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದಳು. ಅವಳ ಮಗ ಸುನೀಲ ಸೈನಿಕನಾಗಿ ಗಡಿಯಲ್ಲಿದ್ದ. ಗುಂಡಿನ ಸುದ್ದಿ ಬಂದಾಗಿನಿಂದ ಅವನ ಫೋನ್ ಹತ್ತುತ್ತಿರಲಿಲ್ಲ.

ಜನರ ಖುಷಿ ಕಂಡು ಮುಖಂಡರಿಗೆ ಹುರುಪೇರಿತು. ಹಣೆಗೆ ತಾವೇ ಭಂಡಾರದ ಅರಿಶಿನ ಬಳಿದುಕೊಂಡು ನಮ್ಮ ನಡುವೆ ಜಿಗಿದು, “ಹಾಕ್ರಿ ಸವಾಲ್!” ಎಂದರು. ಪಾಪ, ಅವರಿಗೇನು ಗೊತ್ತು! ಡೊಳ್ಳಿನ ಹಾಡಿಕೆಯಲ್ಲಿ ಭಂಡಾರ ಹಚ್ಚಿಕೊಂಡು ಎದುರು ನಿಂತವನು ಸವಾಲಿಗೆ ಜವಾಬು ಕೊಡಲೇಬೇಕು. ಅಲ್ಲಿಯವರೆಗೆ ಡೊಳ್ಳಿಗೆ ಕೈ ಹಾಕುವಂತಿಲ್ಲ, ಯಾರೂ ಸಭೆ ಬಿಟ್ಟು ಹೋಗುವಂತಿಲ್ಲ.

ಅಕ್ಕ ದನಿ ಎತ್ತಿದಳು.

“ನಗಣ್ಯದಾಗ ಯಾರ್ಯಾರ ಮಕ್ಕಳದಾರ? ಹೆಸರ ಹೇಳಪ್ಪಾ ಸರದಾರಾ!”

ನನ್ನ ಕೈ ತಾನಾಗಿ ನಿಂತಿತು. ಮುಖಂಡರು ನಕ್ಕರು. ದೇಶ ಎಂದರು, ಶೌರ್ಯ ಎಂದರು. “ಅದು ಜವಾಬ ಅಲ್ರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಇಡೀ ಸಭೆಯೇ “ಹೆಸರ! ಹೆಸರ!” ಎಂದು ಎದ್ದಿತು. ಈಗಷ್ಟೇ ಶಿಳ್ಳೆ ಹೊಡೆದ ಬಾಯಿಗಳೇ ಅವು!

ಬೆವೆತ ಮುಖಂಡರು ಯಾರ್ಯಾರಿಗೋ ಫೋನ್ ಹಚ್ಚಿದರು. ಕೊನೆಗೆ ಯಾವನೋ ಸೇನಾ ಅಧಿಕಾರಿ ಸಿಕ್ಕ; ಜನ ಹೇಳಿಕೊಟ್ಟಂತೆ, ಅಕ್ಕನ ಮಗ ಸುನೀಲನನ್ನು ಮಾತಾಡಿಸಿರೆಂದು ಕೇಳಿಕೊಂಡರು. ಸ್ವಲ್ಪ ಹೊತ್ತಿಗೆ ಅತ್ತಲಿಂದಲೇ ಫೋನ್ ಬಂತು. ಮುಖಂಡರು ಅದನ್ನು ಮೈಕಿಗೇ ಹಿಡಿದರು.

“ಯವ್ವಾ, ಆರಾಮ ಅದೇನಿ!”

ನಮ್ಮ ಸುನೀಲ! ನಾನು ಅತ್ತೇಬಿಟ್ಟೆ. ಜನ ಟೋಪಿ, ಟವೆಲ್ಲು ಮೇಲಕ್ಕೆ ತೂರಿದರು. ಮುಖಂಡರು ಗೆದ್ದವರಂತೆ ಕೈ ಎತ್ತಿ, “ಬಾರಸೋ ಭೀಮರಾಯಾ!” ಎಂದು ನನಗೆ ಕೂಗಿದರು.

ನಾನು ಕೋಲು ಎತ್ತಿದ್ದೆ. ಅಕ್ಕ ಕೈ ಅಡ್ಡ ಹಿಡಿದು, ಮುಖಂಡರ ಕೈಯಿಂದ ಫೋನ್ ತೆಗೆದುಕೊಂಡಳು. ಹುಕ್ಕೇರಿ ಕಡೆಯ ಕಣಗಲಾ ಊರಿನ ಶುಭಮ್ ಮತ್ತು ನಮ್ಮ ಸುನೀಲ ಒಂದೇ ತುಕಡಿಯವರು. ರಜೆಗೆ ಬಂದಾಗ ಆ ಹುಡುಗ ಅಕ್ಕನ ಕೈರೊಟ್ಟಿ ತಿನ್ನದೆ ಹೋಗುತ್ತಿರಲಿಲ್ಲ.

“ಶುಭಮ್ ಹೆಂಗದಾನೋ?”

ಸುನೀಲನ ದನಿ ಇಳಿಯಿತು.

“ಉಳೀಲಿಲ್ಲ ಯವ್ವಾ. ಅವರ ಮನಿಗಿ ಇನ್ನೂ ಗೊತ್ತಿಲ್ಲ.”

ಅಕ್ಕ ಫೋನನ್ನು ಮುಖಂಡರ ಕೈಗೆ ಇಟ್ಟಳು.

“ಕಾರ್ ತಗೀರಿ ಸಾಹೇಬ್ರ, ನಾನೂ ಬರ್ತೇನಿ. ಅವರವ್ವಗ ನೀವ ಹೇಳ್ರಿ. ಕಣಗಲಾ ದೂರ ಐತಿ, ಅಲ್ಲೀತನಕ ‘ನಗಣ್ಯ’ಕ್ಕ ಬ್ಯಾರೆ ಮಾತ ಹುಡುಕ್ರಿ.”